ಟೆಂಟಿನ ತೆರೆಯ ಮೇಲೆ ಮಾದನ ಕಾಲು

ಕುಳ್ಳಿಯ ಗಂಡ ಮಾದ ಸತ್ತಿದ್ದು ಅರವತ್ತೆಂಟನೇ ಇಸವಿಯ ಬೇಸಿಗೆ ಹತ್ತುವ ಮುಂಚೆ. ಕಾಕನಕೋಟೆ ಕಾಡಿನಲ್ಲಿ ಬೆಂಕಿ ಹರಡದ ಹಾಗೆ ಲೈನು ಸವರುವ ಕೂಲಿಗೆ ಹೋದವನನ್ನು ಒಂಟಿ ಸಲಗ ತುಳಿದುಹಾಕಿತು. ನಾಲ್ಕು ಜನ ಅವನನ್ನು ಕಂಬಳಿಯಲ್ಲಿ ಸುತ್ತಿ ಕಾಡಂಚಿನ ಹಾಡಿಗೆ ಹೊತ್ತು ತಂದರು. ಮುಖದ ಮೇಲಿನ ಕಂಬಳಿ ಸರಿಸಲು ಯಾರೂ ಬಿಡಲಿಲ್ಲ. ಕುಳ್ಳಿಗೆ ಕಂಡದ್ದು ಹೊರಗೆ ಚಾಚಿಕೊಂಡಿದ್ದ ಎರಡು ಪಾದ ಮಾತ್ರ. ಎಡಗಾಲಿನ ಎರಡನೇ ಬೆರಳು ಹೆಬ್ಬೆರಳ ಮೇಲೆ ಹತ್ತಿ ಕೂತಿತ್ತು. ಚಿಕ್ಕಂದಿನಲ್ಲಿ ಬಿದಿರು ಸೀಳುವಾಗ ಕತ್ತಿ ತಗುಲಿ ಸೊಟ್ಟಗೆ ಕೂಡಿಕೊಂಡ ಬೆರಳು ಅದು.

ಆಮೇಲೆ ಅವಳಿಗೆ ಯಾವುದೂ ತಟ್ಟುತ್ತಿರಲಿಲ್ಲ. ಅತ್ತೆ ಜವರಿ ಎದೆ ಬಡಿದುಕೊಂಡು ಅತ್ತು ಅತ್ತು ಗಂಟಲು ಕಟ್ಟಿಸಿಕೊಂಡಳು. ಕುಳ್ಳಿ ಒಲೆ ಹೊತ್ತಿಸಿ ಮುದ್ದೆ ತಿರುವಿದಳು. ಉಪ್ಪು ಹಾಕಿದ್ದಳೋ ಇಲ್ಲವೋ ತಿಂದರೂ ಗೊತ್ತಾಗಲಿಲ್ಲ. ಹಾಡಿಯವರು ಒಂದಷ್ಟು ದಿನ ಮಾತಾಡಿಕೊಂಡು ಸುಮ್ಮನಾದರು. ಮಳೆಗಾಲ ಕಳೆದ ಮೇಲೆ ಅತ್ತೆ ಸೊಸೆ ಇಬ್ಬರೂ ಹೆಗ್ಗಡದೇವನಕೋಟೆಗೆ ಬಂದು, ಊರಾಚೆ ರಸ್ತೆ ಕೆಲಸದವರ ಗುಡಿಸಲ ಸಾಲಿನಲ್ಲಿ ಇಳಿದುಕೊಂಡರು. ಕುಳ್ಳಿ ಜಲ್ಲಿ ಒಡೆಯುತ್ತಿದ್ದಳು. ಒಂದು ಕಲ್ಲು ಎತ್ತಿಡುವುದು, ಹೊಡೆಯುವುದು, ಇನ್ನೊಂದು ಎತ್ತಿಡುವುದು. ಅದು ಅವಳಿಗೆ ಒಗ್ಗಿತು.

ಪಕ್ಕದಲ್ಲಿ ಕೂತು ಜಲ್ಲಿ ಒಡೆಯುತ್ತಿದ್ದವಳು ಚಿಕ್ಕಬಸಮ್ಮ, ಆ ಊರಿನವಳೇ, ಬಾಯಿ ಜೋರು. ಮರುವರ್ಷ ಸಂತೆ ಮಾಳದಲ್ಲಿ ಟೂರಿಂಗ್ ಟಾಕೀಸಿನ ಟೆಂಟು ಎದ್ದಾಗ ಅವಳೇ ಕುಳ್ಳಿಯನ್ನು ಎಳೆದುಕೊಂಡು ಹೋದಳು.

"ಕಲ್ಲಿನ್ ಜೊತೆ ಕಲ್ಲಾಗ್ಬುಟ್ಟಿದ್ದೀಯ ಕಣವ್ವ. ಬಾ, ಒಸಿ ಎದ್ರುಕೊಂಡಾದ್ರೂ ಬರುವಂತೆ. ಎದೆ ಒಡ್ಕೊಳೋ ಅಂಥ ಸಿನಿಮಾ ಅಂತೆ."

ಹೆಂಗಸರ ಕಡೆ ಮರಳಿನ ಮೇಲೆ ಇಬ್ಬರೂ ಕೂತರು. ಸಿನಿಮಾ ಶುರುವಾಯಿತು. ಕಾಡಿನ ನಡುವೆ ಒಂದು ದೊಡ್ಡ ಬಂಗಲೆ, ಹೊಸದಾಗಿ ಮದುವೆಯಾಗಿ ಬಂದ ಹೆಣ್ಣು. ಗಡಿಯಾರ ಢಣ್ ಎನ್ನುತ್ತದೆ, ದೀಪ ಸಣ್ಣಗಾಗುತ್ತದೆ, ಕಿಟಕಿ ತಾನೇ ತೆರೆದುಕೊಳ್ಳುತ್ತದೆ. ಹೊರಗೆ ಯಾರೋ ನಡೆದ ಸದ್ದು. ಅವಳು ಕಿರುಚುತ್ತಾಳೆ, ಗಂಡ ಓಡಿ ಬಂದು ನೋಡಿದರೆ ಯಾರೂ ಇಲ್ಲ. ನಿನಗೆ ಭ್ರಮೆ ಎನ್ನುತ್ತಾನೆ. ನಗುಮುಖದ ಡಾಕ್ಟರು ಬಂದು ಗುಳಿಗೆ ಕೊಡುತ್ತಾನೆ. ತೋಟದಲ್ಲೊಬ್ಬ ಒಕ್ಕಣ್ಣಿನ ಮಾಲಿ ಕುಡುಗೋಲು ಮಸೆಯುತ್ತಾ ಸುಮ್ಮಸುಮ್ಮನೆ ಅವಳನ್ನೇ ನೋಡುತ್ತಾನೆ. ಟೆಂಟಿಗೆ ಟೆಂಟೇ, "ಇವನೇ ಕಣ್ಲಾ, ಇವನೇ" ಎಂದಿತು.

ಹಾಗಿರುವಾಗ ತೆರೆಯ ತುಂಬ ತರಗೆಲೆ ಬಂತು. ಅದರ ಮೇಲೆ ಬರಿಗಾಲು. ಮುಖವಿಲ್ಲ, ಮೈಯಿಲ್ಲ, ಮೊಣಕಾಲಿನಿಂದ ಕೆಳಗೆ ಮಾತ್ರ. ಪಾದದ ಹೊರ ಅಂಚನ್ನು ಮೊದಲು ಊರಿ, ಆಮೇಲೆ ಮೆಲ್ಲಗೆ ಹಿಮ್ಮಡಿ ಇಳಿಸುವ ನಡಿಗೆ. ಚಿಕ್ಕಬಸಮ್ಮ ಸೆರಗಿನಿಂದ ಕಣ್ಣು ಮುಚ್ಚಿಕೊಂಡಳು. ಮಕ್ಕಳು ಅಳತೊಡಗಿದವು. ಎಡಗಾಲು ತೆರೆಯ ಮಧ್ಯಕ್ಕೆ ಬಂದು ನಿಂತಿತು. ಎರಡನೇ ಬೆರಳು ಹೆಬ್ಬೆರಳ ಮೇಲಿತ್ತು.

"ನಮ್ಮ ಮಾದ" ಎಂದಳು ಕುಳ್ಳಿ.

ಕೊನೆಯಲ್ಲಿ ಕೊಲೆಗಾರ ಸಿಕ್ಕಿಬಿದ್ದ. ಮಾಲಿ ಅಲ್ಲ, ಆ ನಗುಮುಖದ ಡಾಕ್ಟರು. ಅವನ ಕಾಲಿನಲ್ಲಿ ಮಿರಿಮಿರಿ ಬೂಟಿದ್ದವು. ಕುಳ್ಳಿ ಮಾದ ಎಲ್ಲಿ ಹೋದನೆಂದು ತೆರೆ ಬೆಳ್ಳಗಾಗುವವರೆಗೂ ನೋಡಿದಳು.

ದಾರಿಯಲ್ಲಿ ಚಿಕ್ಕಬಸಮ್ಮ ನಕ್ಕಳು. "ಅದು ಆ ಡಾಕ್ಟ್ರ ಕಾಲೇ ಕಣವ್ವ, ಬೂಟು ಬಿಚ್ಚಿದ್ದ ಅಷ್ಟೆ." ಅದು ಮಾದನೇ ಎಂದು ಕುಳ್ಳಿ ಮತ್ತೆ ಹೇಳಿದಾಗ ಅವಳ ನಗು ನಿಂತಿತು.

ಕುಳ್ಳಿಗೆ ಆಗ ಒಂದು ನೆನಪಾಗಿತ್ತು. ಮಾದ ಸಾಯುವ ಹಿಂದಿನ ವರ್ಷ ಕಾಡಿನ ಬಂಗಲೆಗೆ ಪಟ್ಟಣದಿಂದ ಯಾರೋ ವ್ಯಾನು ತುಂಬ ಬಂದಿದ್ದರು. ಮಾದನನ್ನು ಮೂರು ದಿನ ಕರೆದುಕೊಂಡು ಹೋಗಿದ್ದರು. ಏನು ಕೆಲಸ ಎಂದು ಕೇಳಿದ್ದಕ್ಕೆ, "ಸುಮ್ನೆ ನಡಿಯಾದು" ಎಂದಿದ್ದ. ನಡೆಯುವುದಕ್ಕೂ ಕೂಲಿ ಕೊಡುತ್ತಾರಾ ಎಂದರೆ, "ಯೋಳ್ಬ್ಯಾಡ ಅಂದವ್ರೆ" ಎಂದು ನಕ್ಕು ಎದ್ದುಹೋಗಿದ್ದ. ಕೊನೆಗೂ ಹೇಳಿರಲಿಲ್ಲ.

ಇದನ್ನು ಕೇಳಿದ ಜವರಿ ಹೆದರಿದಳು. "ಸತ್ತೋನು ಬಟ್ಟೆ ಮ್ಯಾಲೆ ನಡದಾನಾ? ಯಾವುದೋ ಮೆಟ್ಕೊಂಡದೆ ನಿನ್ನ. ಆ ಕಡೆ ಕಾಲಿಕ್ಬ್ಯಾಡ." ಮಾರನೆಯ ದಿನ ಚಿಕ್ಕಬಸಮ್ಮ ಒಂದು ಕರಿದಾರಕ್ಕೆ ಮಂತ್ರ ಹಾಕಿಸಿ ತಂದು ಕಟ್ಟಿದಳು. ಕುಳ್ಳಿ ಕೈ ಚಾಚಿ ಕಟ್ಟಿಸಿಕೊಂಡಳು. ಸಂಜೆ ಮತ್ತೆ ಟೆಂಟಿಗೆ ಹೋದಳು. ಅದರ ಮಾರನೆಯ ದಿನವೂ ಹೋದಳು. ಕಾಲು ಮೂರು ಸಲ ಬರುತ್ತಿತ್ತು. ಮೂರನೆಯದು ಮುಗಿದ ಕೂಡಲೇ ಎದ್ದುಬಿಡುತ್ತಿದ್ದಳು.

ಟೆಂಟಿನ ಮ್ಯಾನೇಜರು ನೀಲಕಂಠಸ್ವಾಮಿ, ಪಿರಿಯಾಪಟ್ಟಣದ ಕಡೆಯವರು, ಇದನ್ನು ಗಮನಿಸಿದರು. ನಾಲ್ಕನೆಯ ಸಂಜೆ ಗೇಟಿನಲ್ಲೇ ತಡೆದರು.

"ಏನವ್ವ, ಕೊಲೆಗಾರ ಯಾರು ಅಂತ ಗೊತ್ತಾಗೋಕ್ ಮುಂಚೆನೇ ಎದ್ದೋಯ್ತೀಯಲ್ಲ ದಿನಾ? ಜನ ಅದುಕ್ಕೇ ಬರಾದು ಇಲ್ಲಿಗೆ."

"ನಂಗೆ ಗೊತ್ತು ಬುದ್ದಿ ಅದು ಯಾರು ಅಂತ" ಎಂದಳು ಕುಳ್ಳಿ. ಕಂಬಳಿ, ವ್ಯಾನು, ಬೆರಳು, ಎಲ್ಲವನ್ನೂ ಒಂದೇ ದನಿಯಲ್ಲಿ, ಬೇರೆ ಯಾರದೋ ಮನೆಯ ಸಮಾಚಾರ ಹೇಳುವಂತೆ ಹೇಳಿದಳು.

ಅವರು ನಗಲಿಲ್ಲ. ಬೀಡಿ ಆರಿಸಿದರು. "ಇರ್ಬೋದು ಕಣವ್ವ. ಆ ಡಾಕ್ಟ್ರ ಪಾರ್ಟಿನೋನು ಆ ಕಾಡಲ್ಲಿ ಬರಿಗಾಲಲ್ಲಿ ಎಲ್ಲಿ ನಡೆದಾನು? ಇಂಥ ಸಿನಿಮಾದೋರ ಕಸಬೇ ಅದು. ಮುಖ ತೋರ್ಸುದ್ರೆ ಕತೆ ಮುಗೀತು. ಕಾಲು ತೋರ್ಸುದ್ರೆ, ನೋಡೋರು ಅವರವರ ಭಯದ ಮುಖನ ತಾವೇ ತಂದು ಅಂಟಿಸ್ಕೋತಾರೆ. ಆ ಒಕ್ಕಣ್ಣಿನ ಮಾಲಿ ಇದಾನಲ್ಲ, ಪಾಪ, ಅವನೇನೂ ಮಾಡಿಲ್ಲ. ಅನುಮಾನ ಅವನ ಮ್ಯಾಲೆ ಬೀಳ್ಲಿ ಅಂತ್ಲೇ ನಿಲ್ಸಿರಾದು. ಗಡಿಯಾರ, ಗಾಳಿ, ದೀಪ, ಎಲ್ಲಾ ಹಂಗೇ."

"ಆಗಿದ್ರೆ ನಮ್ಮೋನ್ನ ಕಂಡು ಎಲ್ಲಾ ಯಾಕ್ ಅಳ್ತಾರೆ ಬುದ್ದಿ?"

"ಅವನ್ನ ಕಂಡಲ್ಲ ಕಣವ್ವ" ಎಂದರು ಅವರು.

ಮರುದಿನ ಹಗಲು ಹೊತ್ತಿನಲ್ಲಿ ಅವಳನ್ನು ಕರೆಸಿ, ರೀಲಿನ ಪೆಟ್ಟಿಗೆ ತೆಗೆದು, ಆ ಜಾಗ ಹುಡುಕಿ ಬಿಸಿಲಿಗೆ ಹಿಡಿದು ತೋರಿಸಿದರು. ಉಗುರಿನಗಲದ ಚೌಕದೊಳಗೆ ಕಾಲಿತ್ತು. ಅದರ ಕೆಳಗಿನ ಚೌಕದಲ್ಲೂ ಅದೇ ಕಾಲು. ಕೆಳಗೆ ಇನ್ನೊಂದು.

"ನಡೀತಾನೇ ಇಲ್ವಲ್ಲ" ಎಂದಳು ಕುಳ್ಳಿ.

"ಇದ್ರಲ್ಲಿ ನಡಿಯಲ್ಲ. ಮಿಷೀನು ಓಡುದ್ರೆ ನಡೆದಂಗೆ ಕಾಣ್ತದೆ."

ಅವಳು ಬಹಳ ಹೊತ್ತು ನೋಡಿ, ಸರಿ ಎಂದು ತಲೆಯಾಡಿಸಿ ಕೆಲಸಕ್ಕೆ ಹೋದಳು. ಆ ದಿನ ಎಂದಿನಷ್ಟೇ ಜಲ್ಲಿ ಒಡೆದಳು.

ಸಿನಿಮಾ ಎತ್ತುವ ಹಿಂದಿನ ದಿನ ಜವರಿ ತಾನಾಗಿ ಎದ್ದು ಸೀರೆ ಸರಿಮಾಡಿಕೊಂಡಳು. "ನಾನೂ ಬತ್ತೀನಿ ನಡಿ. ಅದೇನು ಅಂತ ನೋಡ್ಬುಡ್ತೀನಿ" ಎಂದಳು. ಅವಳಿಗೆ ಕಣ್ಣು ಮಂಜು. ನೀಲಕಂಠಸ್ವಾಮಿ ಇಬ್ಬರನ್ನೂ ತೆರೆಯ ಹತ್ತಿರಕ್ಕೆ ಕೂರಿಸಿದರು. ಗಡಿಯಾರ ಹೊಡೆಯಿತು, ದೀಪ ಸಣ್ಣಗಾಯಿತು. ಮುದುಕಿ ಏನೂ ಆಗದವಳಂತೆ ಎಲೆಅಡಿಕೆ ಅಗಿಯುತ್ತಿದ್ದಳು. ತರಗೆಲೆ ಬಂತು. ಕಾಲು ಬಂತು. ಜನ ಉಸಿರು ಬಿಗಿಹಿಡಿದರು.

ಜವರಿಯ ಬಾಯಿ ನಿಂತಿತು. ಮುಂದಕ್ಕೆ ಬಾಗಿದಳು. ಅವಳ ದನಿ ಟೆಂಟಿನ ಕೊನೆಯವರೆಗೂ ಕೇಳಿತು:

"ನೋಡ್ಕೊಂಡ್ ಇಡ್ಲಾ ಕಾಲ, ಮುಳ್ಳದೆ!"

ಗಂಡಸರ ಕಡೆಯಿಂದ ಗೊಳ್ಳೆಂದು ನಗು ಎದ್ದಿತು. ಹೆಂಗಸರೂ ನಕ್ಕರು. ಅಷ್ಟು ದಿನ ಎಲ್ಲರನ್ನೂ ನಡುಗಿಸಿದ್ದ ಆ ಜಾಗದಲ್ಲಿ ಅವತ್ತು ಯಾರಿಗೂ ಭಯವಾಗಲಿಲ್ಲ. ಕುಳ್ಳಿ ನಗಲೂ ಇಲ್ಲ, ಅಳಲೂ ಇಲ್ಲ. ಅತ್ತೆಯ ಕೈ ತನ್ನ ಮಂಡಿಯ ಮೇಲೆ ಬಂದು ಕೂತದ್ದನ್ನು ಮಾತ್ರ ನೋಡಿದಳು. ಆ ಕೈ ಕೊನೆಯವರೆಗೂ ಅಲ್ಲೇ ಇತ್ತು. ಅವತ್ತು ಇಬ್ಬರೂ ಪೂರ್ತಿ ಸಿನಿಮಾ ನೋಡಿದರು. ಡಾಕ್ಟರು ಸಿಕ್ಕಿಬಿದ್ದಾಗ ಜವರಿ, "ಇವನ್ಯಾವನು?" ಎಂದು ಕೇಳಿದಳು.

ವಾರ ಕಳೆದ ಮೇಲೆ ಟೆಂಟು ಗಾಡಿಯೇರಿ ಸಾಲಿಗ್ರಾಮಕ್ಕೆ ಹೋಯಿತು. ಕುಳ್ಳಿ ಹುಣಸೂರಿನ ರಸ್ತೆಯಲ್ಲಿ ಇನ್ನೂ ಆರು ವರ್ಷ ಜಲ್ಲಿ ಒಡೆದಳು. ಮಾದನ ಮಾತು ಬಂದರೆ ಆನೆ ತುಳಿಯಿತು ಎನ್ನುತ್ತಿದ್ದಳು, ಅಷ್ಟೆ. ಜವರಿಯೂ ಆ ಸುದ್ದಿ ಎತ್ತಿದ್ದು ಒಂದೇ ಸಲ, ಟೆಂಟು ಹೋದ ಬೆಳಗ್ಗೆ, ಒಲೆಯ ಮುಂದೆ ಕೂತು.

"ಆ ವ್ಯಾನ್ನೋರು ಮೂರು ದಿವ್ಸ ನಡೆಸುದ್ರಲ್ಲ, ಉಣ್ಣಾಕ್ ಕೊಟ್ಟಿದ್ರಾ ಅವನಿಗೆ?"

ಕುಳ್ಳಿಗೆ ಗೊತ್ತಿರಲಿಲ್ಲ.

"ಕೊಟ್ಟಿದ್ರು ಅತ್ತೆ" ಎಂದಳು. "ಅನ್ನ, ಬಾಡು. ಒಟ್ಟೆ ತುಂಬಾ."