ಕೋಚಿಗೆ ನಾನು ಅಂದ ಮಾತು

ಮಲ್ಲೇಶಿ, ನಿನ್ನ ಕಬಡ್ಡಿ ಮುಗಿಸಿದವಳು ನಾನು. ನಿನ್ನ ಹಡದವಳು — ನಾನೇ. ಬಾಯಿಲೆ ಹೇಳಾಕ ಧೈರ್ಯ ಸಾಲಲಿಲ್ಲ, ಅದಕ್ಕ ಬರದೀನಿ. ಒತ್ತು, ಕೊಂಬು ತಪ್ಪಿದ್ರ ತಪ್ಪಲಿ.

ನೀನು ದೊಡ್ಡ ಟೀಮಿಗೆ ಸೇರಿ ಟೀವ್ಯಾಗ ಬರಾಕ ಹತ್ತಿದ ಮ್ಯಾಲೆ ಕೂಡ್ಲಿಗಿ ಮಂದಿ ನನಗ ಬಸ್ಸಿನಾಗ ಸೀಟು ಬಿಡತಿದ್ರು. ನಗತಿದ್ದೆ. ಒಳಗ ಮಾತ್ರ — ನೀನು ರೇಡಿಗೆ ಹೋದ್ರ ನನ್ನ ಉಸಿರೂ ನಿಲ್ಲತಿತ್ತು. ಅಷ್ಟು ಮಂದಿ ಗಂಡಸರು ಮ್ಯಾಲೆ ಬಿದ್ರ ಕೆಳಗಿರೋನ ಕುತ್ತಿಗಿ ಏನಾಗಬೇಕು? ಓಣಿ ಹುಡುಗರು ಟೀವಿ ಮುಂದ ಕುಂತು "ಸತ್ತ! ಮಲ್ಲೇಶಿ ಸತ್ತ!" ಅಂತ ಒದರತಿದ್ರು. ಔಟಾದೋನಿಗೆ ಹಂಗ ಅಂತಾರ, ನನಗೂ ಗೊತ್ತು. ಗೊತ್ತಿದ್ರೂ ಎದ್ದು ಟೀವಿಗೆ ಅಡ್ಡ ನಿಲ್ಲತಿದ್ದೆ. "ಬಾಯಿ ಮುಚ್ಚರಲೇ" ಅಂದ್ರ, "ಏ ಅಜ್ಜಿ, ಈಗ ಎದ್ದು ಬರ್ತಾನ ತಡಿ, ನೀನ್ಯಾಕ ಸಾಯ್ತಿ" ಅಂತ ನಗತಿದ್ರು.

ಕಡೀ ಸಲ ನೀನು ಏಳಲಿಲ್ಲ. ಮೊಣಕಾಲು ಬಾತು ಕುಂಬಳಕಾಯಿ ಆಗಿ ಮನಿಗೆ ಬಂದಿ. ಸಿಟ್ಟಿನಾಗ ನಿನ್ನ ಫೋನು ಗೋಡಿಗೆ ಒಗದು ಒಡದಿ. ಅದಕ್ಕ ಕೋಚು ನನ್ನ ಫೋನಿಗೆ ಮಾಡಿದ್ರು.

"ಅಮ್ಮಾ, ಡಾಕ್ಟ್ರಿಗೆ ಹೇಳೀನಿ. ಲಗೂನ ಕಳಿಸ್ರಿ. ಆಪರೇಷನ್ ಆದ್ರ ಮತ್ತ ಆಡ್ತಾನ. ಅವನ ಜಾಗ ಯಾರಿಗೂ ಕೊಡಂಗಿಲ್ಲ."

ಮತ್ತ ಆಡ್ತಾನ — ನನಗ ಅಷ್ಟೇ ಕೇಳಿಸ್ತು. ನೀನು ಒಳಗ ಮಲಗಿದ್ದಿ. ನಾನು ಹಿತ್ತಲಿಗೆ ಹೋಗಿ ಮೆಲ್ಲಕ ಅಂದೆ: "ಅವನು ಬರಂಗಿಲ್ರಿ. ನಿಮ್ಮ ಪಾಲಿಗೆ ಮಲ್ಲೇಶಿ ಸತ್ತ ಅಂತ ತಿಳ್ಕೋರಿ. ಇದು ಅವನದೇ ಮಾತು."

ಅವರು ಫೋನು ಇಟ್ರು.

ಯಾವ ಮಾತಿಗೆ ಅಂಜಿ ಅಂಜಿ ಸಾಯತಿದ್ನೋ, ಆ ಮಾತು ನನ್ನ ಬಾಯಾಗೇ ಬಂತು. ಆಟದಾಗ ಸತ್ತೋನು ತಿರುಗಿ ಒಳಗ ಬರ್ತಾನ. ನಾನು ಬರದಂಗ ಮಾಡಿದೆ.

"ಯಾರದಬೇ ಫೋನು?" ಅಂದಿ. "ರಾಂಗ್ ನಂಬರ್" ಅಂದೆ.

ಆಮ್ಯಾಲೆ ನಾಟಿ ವೈದ್ಯರ ಹತ್ರ ಕರ್ಕೊಂಡು ಹೋಗಿ ಮೊಣಕಾಲಿಗೆ ಬಿದಿರು ದಬ್ಬಿ ಕಟ್ಟಿಸಿದೆ. ಕಾಲು ಸೊಟ್ಟಗ ಕೂಡ್ತು. ನೀನೂ ಹಠಮಾರಿ, ಕೋಚೇ ಮೊದಲು ಫೋನು ಮಾಡಲಿ ಅಂತ ಕುಂತಿ. "ನಾನು ಸತ್ತೆನೋ ಬದುಕಿದೆನೋ ಅಂತ ಕೋಚು ಒಂದು ಮಾತು ಕೇಳಲಿಲ್ಲಬೇ" ಅಂತ ನೀನು ಗೋಡಿ ಕಡೆ ತಿರುಗಿದಾಗ ನಾನು ರೊಟ್ಟಿ ಬಡೀತಿದ್ದೆ. ಬಡೀತನೇ ಇದ್ದೆ...

ಮೊದಲು ನೀನು ಎಲ್ಲಿ ಸಾಯ್ತಿಯೋ ಅಂತ ಅಂಜಿಕಿ. ಆಮ್ಯಾಲೆ ನಿನಗ ಎಲ್ಲಿ ಗೊತ್ತಾಗ್ತೈತೋ ಅಂತ. ಯಾರ ಫೋನು ಬಂದ್ರೂ ನಿನಗಿಂತ ಮೊದಲು ಓಡಿ ಎತ್ತತೀನಿ, ಇವತ್ತಿಗೂ.

ಈಗ ಆ ಕೋಚು ಹರಪನಹಳ್ಳಿ ಪಂದ್ಯಕ್ಕ ಬರ್ತಾರಂತ. "ಎಲ್ಲರ ಮುಂದ ಅವನ ಕೊಳ್ಳಪಟ್ಟಿ ಹಿಡೀತೀನಿ" ಅಂತ ನೀನು ನಿನ್ನೆ ಉಣ್ಣಾಗ ಅಂದಿ. ನಾನು ತಾಟು ಸರಿಸಿ ಎದ್ದು ಇದನ್ನ ಬರಿಯಾಕ ಕುಂತೆ.

ನಿನ್ನ ಉಳಿಸಿದೆ ಅಂತ ಹೇಳಂಗಿಲ್ಲ. ನೀನು ಕುಂಟಿಕೋತ ಹೊಸ್ತಿಲು ದಾಟೋದನ್ನ ದಿನಾ ನೋಡೀನಿ. ಅವರು ನಿನ್ನ ಕರದಿದ್ರು, ಮಲ್ಲೇಶಿ. ಅವರ ಮೈ ಮುಟ್ಟಬ್ಯಾಡ. ಕೇಳೋದೇನೈತಿ, ನನಗ ಕೇಳು. ಅಡಿಗಿ ಮನ್ಯಾಗ ಕುಂತೀನಿ. ಬಾಗಿಲು ಹಾಕಿಲ್ಲ.