ಪದಕದ ಅಂಚಿನ ಹೆಸರು

ಗಲ್ಫಿನ ಅಲ್ ಖೌದ್‌ನ ನಮ್ಮ ಫ್ಲ್ಯಾಟಿನ ಶೋಕೇಸಿನಲ್ಲಿ ಬ್ರಿಟಿಷ್ ಸೈನ್ಯದ ಹಳೆಯ ಪದಕಗಳಿವೆ. ನನ್ನ ಯಜಮಾನರ ಹವ್ಯಾಸ ಅದು. ಆಫೀಸಿನಿಂದ ಬಂದವರೇ ಭೂತಗನ್ನಡಿ ಹಿಡಿದು ಪದಕದ ಅಂಚಿನಲ್ಲಿ ಕೊರೆದ ಹೆಸರು ಓದುತ್ತಾರೆ. ಆಮೇಲೆ ಆ ಸಿಪಾಯಿಯ ಜಾತಕವನ್ನೆಲ್ಲ ಇಂಟರ್‌ನೆಟ್‌ನಲ್ಲಿ ಜಾಲಾಡುತ್ತಾರೆ. ನಮ್ಮನ್ನು ಆಳಲು ಬಂದವನ ಎಡಗಾಲಿಗೆ ಗುಂಡು ತಾಗಿತ್ತೆಂದು ಗೊತ್ತಾದ ದಿನ ಇವರಿಗೆ ಅನ್ನ ಸೇರುವುದಿಲ್ಲ. ನನಗೆ ಮಂಡಿನೋವು ಯಾವ ಕಾಲಲ್ಲಿ ಎಂದು ಕೇಳಿ ನೋಡಿ, ಗೊತ್ತಿಲ್ಲ.

ಹೋದ ವರ್ಷ ಆಟಿ ತಿಂಗಳಲ್ಲಿ ಉಡುಪಿ ಕಡೆಯಿಂದ ಅತ್ತೆ ಬಂದಿದ್ದರು. ಆಟಿಯಲ್ಲಿ ತೀರಿಹೋದ ಹಿರಿಯರಿಗೆ ಎಲೆ ಹಾಕಿ, ಒಬ್ಬೊಬ್ಬರನ್ನೇ ಹೆಸರು ಹೇಳಿ ಕರೆದು, ಕೋಳಿ ಸಾರು ಬಡಿಸುವುದು ನಮ್ಮ ಕ್ರಮ. ಕರೆಯಬೇಕಾದವರು ನಮ್ಮ ಯಜಮಾನರೇ. ಅಪ್ಪನ ಹೆಸರು ಸಲೀಸಾಗಿ ಬಂತು. ಅಜ್ಜನ ಎಲೆಯ ಮುಂದೆ ನಿಂತು ಕೆಮ್ಮಿದರು, ನನ್ನ ಮುಖ ನೋಡಿದರು.

"ಅಜ್ಜನ ಹೆಸರು ಗೊತ್ತಿಲ್ಲವಾ ಮಗಾ?" ಎಂದರು ಅತ್ತೆ.

"ಮನೆಯಲ್ಲಿ ಎಲ್ಲರೂ ಅಜ್ಜ ಅಂತಲೇ ಹೇಳುತ್ತಿದ್ದರಲ್ಲ ಅಮ್ಮ."

ಅತ್ತೆ ಶೋಕೇಸಿನ ಕಡೆ ನೋಡಿದರು. "ನಿನ್ನೆ ಇಡೀ ದಿನ ಒಬ್ಬ ಸಿಪಾಯಿಯ ಕಥೆ ಹೇಳಿದೆಯಲ್ಲ, ಅವನ ಅಜ್ಜನ ಹೆಸರೇನು?"

ಇವರು ಒಂದೇ ಉಸಿರಿಗೆ ಹೇಳಿದರು. ಆ ಅಜ್ಜ ಕುದುರೆಗೆ ಲಾಳ ಹೊಡೆಯುತ್ತಿದ್ದನೆಂದೂ ಸೇರಿಸಿದರು.

ಅತ್ತೆ ನನ್ನ ಕಡೆ ತಿರುಗಿದರು. "ಆ ಅಜ್ಜನಿಗೆ ಇನ್ನೊಂದು ಎಲೆ ಹಾಕು ಮಗಳೇ. ಖಾರ ಕಮ್ಮಿ ಬಡಿಸು."