ನಕ್ಷೆಯ ಮೇಲಿನ ಹೊಸ ಗೆರೆ

ಕರೆಂಟ್ ಹೋಗಬಹುದಿತ್ತು, ಹಳೆಯ ಹಾಳೆ ಸ್ಕ್ಯಾನರಿನಲ್ಲಿ ಹರಿಯಬಹುದಿತ್ತು, ಹಾರ್ಡ್ ಡಿಸ್ಕನ್ನು ನಾನು ಬಸ್ಸಿನಲ್ಲೇ ಮರೆಯಬಹುದಿತ್ತು. ಶಿವಮೊಗ್ಗದಿಂದ ಭದ್ರಾವತಿ ತಲುಪುವಷ್ಟರಲ್ಲಿ ಇಷ್ಟೂ ಚಿಂತೆ ಮಾಡಿ ಮುಗಿಸಿದ್ದೆ. ಒಂದೂ ಆಗಲಿಲ್ಲ.

ನ್ಯೂ ಟೌನಿನಲ್ಲಿ ಉಕ್ಕಿನ ಕಾರ್ಖಾನೆಯ ಹಳೆಯ ಕ್ವಾರ್ಟರ್ಸ್ ಒಂದೊಂದಾಗಿ ಕುಸಿಯುತ್ತಿದ್ದವು. ಅವುಗಳ ನಕ್ಷೆ ಉಳಿದಿದ್ದುದು ಅಲ್ಲೇ ನಕ್ಷೆ ಬರೆಯುತ್ತಿದ್ದ ಒಬ್ಬ ನಿವೃತ್ತ ಡ್ರಾಫ್ಟ್ಸ್‌ಮನ್ ಹತ್ತಿರ ಮಾತ್ರ. ಅವನ್ನು ಇಂಟರ್ನೆಟ್ಟಿಗೆ ಹಾಕಿಯೇ ತೀರಬೇಕೆಂದು ಅವರೂ ನಾನೂ ಹಟ ಹಿಡಿದಿದ್ದೆವು. ಪ್ರತಿ ಹಾಳೆಗೂ ಮುನ್ನ ಅವರು, "ಕೈ ತೊಳ್ಕೊಂಡ್ಯಾ ಮಾರಾಯ?" ಎನ್ನುತ್ತಿದ್ದರು. ಕೊನೆಯ ಸಲ ನಾನು ತೊಳೆದು ಬರುವಷ್ಟರಲ್ಲಿ, ನಕ್ಷೆಯಲ್ಲಿದ್ದ ಕಿಟಕಿಯೊಂದನ್ನು ಅಳಿಸಿ, ಪೆನ್ಸಿಲ್‌ನಿಂದ ಸ್ವಲ್ಪ ಪಕ್ಕಕ್ಕೆ ಮತ್ತೆ ಎಳೆದಿದ್ದರು.

"ಸಾರ್, ಹಳೇದು ಹಳೇದಾಗೇ ಇರ್ಬೇಕಿತ್ತು."

"ಕಟ್ಟೋವಾಗ ಈ ಕಿಟಕೀನ ಅರ್ಧ ಅಡಿ ಸರಿಸಿದ್ರು. ತಪ್ಪು ನಕ್ಷೆ ನನ್ನ ಕೈಯಿಂದ ಊರಿಗೆಲ್ಲ ಹೋಗಬಾರ್ದು," ಎಂದವರೇ ಮೂಲೆಯಲ್ಲಿ ಸಹಿ ಮಾಡಿ, ಅಂದಿನ ತಾರೀಖು ಹಾಕಿದರು.